ಕತೆಯ ಮನೆಗೆ ಸೋದರತ್ತೆ ಬಂದಾಗ

ಕೇಳುಗರಿಗೆ ನಮಸ್ಕಾರ.

ಮಕ್ಕಳಿಗೆ ಮಾಯದ ಕತೆ ಬರೆಯುವವರ ಕೈಗೆ ರಾಕ್ಷಸ ಸುಲಭವಾಗಿ ಸಿಗುತ್ತಾನೆ. ತಡವರಿಸುವುದು ಮನೆಯೊಳಗಿನ ಜೋರಿನ ನೆಂಟರ ಹತ್ತಿರ. ರಾಕ್ಷಸನನ್ನು ಕಂಡ ಹುಡುಗ ಓಡಬಹುದು. ಸೋದರತ್ತೆ ಬಂದರೆ ಕಾಲಿಗೆ ಬೀಳಬೇಕು, ಬೆಲ್ಲ ನೀರು ಕೊಡಬೇಕು, ಬೈದದ್ದನ್ನು ನಿಂತು ಕೇಳಬೇಕು. ಕತೆಯ ಬಿಗಿ ಅಲ್ಲಿದೆ.

ಅವಳ ಪ್ರವೇಶಕ್ಕೆ ನಮ್ಮ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷವನ್ನು, ಅಂದರೆ ರಾಕ್ಷಸನ ವೇಷವನ್ನು ನೋಡಿ ಕಲಿಯಿರಿ. ತೆರೆಯ ಹಿಂದಿನಿಂದಲೇ ಅಬ್ಬರಿಸಿ, ನಮ್ಮನ್ನು ಕಾಯಿಸಿ, ಆಮೇಲೆ ಮುಖ ತೋರಿಸುತ್ತದೆ. ಅತ್ತೆಯೂ ಹಾಗೆ ಬರಲಿ. ಮೊದಲು ತೋಟದ ದಾರಿಯಿಂದ ಸ್ವರ, ಆಮೇಲೆ ಮೆಟ್ಟಿಲಲ್ಲಿ ಕೊಡೆ ಮತ್ತು ಚೀಲ, ಕೊನೆಗೆ ಅವಳು. ‘ಅವಳು ಬಹಳ ಕೆಟ್ಟವಳು’ ಎಂದು ಬರೆಯಬೇಡಿ. ಅವಳು ಚಾವಡಿಗೆ ಕಾಲಿಟ್ಟ ಕೂಡಲೇ ಅಜ್ಜ ತನ್ನ ಆರಾಮಕುರ್ಚಿ ಬಿಟ್ಟು ಎದ್ದರೆ ಸಾಕು, ಮಕ್ಕಳಿಗೆ ಗೊತ್ತಾಗುತ್ತದೆ. ಅವಳ ದಪ್ಪ ಮೈಯನ್ನೋ ಮೀಸೆಗೂದಲನ್ನೋ ನಗೆಗೆ ಬಳಸುವುದು ನನಗೆ ಒಪ್ಪಿಗೆಯಿಲ್ಲ. ಓದುವ ಮಕ್ಕಳಲ್ಲೂ ಅಂಥ ಮೈಯವರಿರುತ್ತಾರೆ.

ಅವಳಿಗೆ ಒಂದೇ ಮಾತು ಕೊಡಿ: “ಇವನ ಅಪ್ಪನೂ ಹೀಗೆಯೇ.” ಮೂರು ಸಲ ಬರಲಿ. ಲೋಟ ಬಿದ್ದಾಗ ಒಮ್ಮೆ, ಮಾರ್ಕಿನ ವಿಷಯಕ್ಕೆ ಇನ್ನೊಮ್ಮೆ, ಶ್ರಾದ್ಧದ ಊಟಕ್ಕೆ ಕುಳಿತ ನೆಂಟರ ಎದುರು ಮೂರನೆಯ ಸಲ. ಒಂದೇ ಸಲ ಹೇಳಿಸಿದರೆ ಮುಂದೆ ನಡೆಯುವ ಮಾಯಕ್ಕೆ ಭಾರ ಇರುವುದಿಲ್ಲ. ಐದಾರು ಸಲ ಆದರೆ ಮಗು ಪುಟ ಹಾರಿಸುತ್ತದೆ.

ಹೆಚ್ಚಿನ ಕತೆಗಳು ಸೋಲುವುದು ದೊಡ್ಡವರ ಮೌನದಲ್ಲಿ. ಅಪ್ಪ ಅಮ್ಮ ಯಾಕೆ ಸುಮ್ಮನಿದ್ದಾರೆಂದು ಮಗು ಕೇಳಿಯೇ ಕೇಳುತ್ತದೆ. ಉತ್ತರ ಗಟ್ಟಿಯಾಗಿರಲಿ. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಅಡಕೆ ತೋಟದ ಮನೆ ಎಂದಿಟ್ಟುಕೊಳ್ಳಿ. ಮಹಾಳಿ ಎಂಬ ಕೊಳೆರೋಗ ಬಂದು ಫಸಲು ಉದುರಿದ ವರ್ಷ ಸಾಲ ಕೊಟ್ಟವಳು ಇದೇ ಅತ್ತೆ. ಈಗ ಮೌನಕ್ಕೆ ಕಾರಣ ಸಿಕ್ಕಿತು, ಅತ್ತೆಗೆ ಒಂದು ಒಳ್ಳೆಯ ಗುಣವೂ ಸಿಕ್ಕಿತು. ಅದಿಲ್ಲದಿದ್ದರೆ ಅವಳು ಬರೀ ಬೆದರುಗೊಂಬೆ.

ಇನ್ನು ಮಾಯ. ಅದು ಆಕಾಶದಿಂದ ಬೀಳಬಾರದು, ಅವಳ ದೋಷದಿಂದಲೇ ಹುಟ್ಟಬೇಕು. ಕಾಸರಗೋಡಿನವರಿಗೆ ಜಾಗ ಹುಡುಕಬೇಕಾಗಿಲ್ಲ, ಗುಡ್ಡದ ಬುಡದಲ್ಲಿ ಸುರಂಗ ಇದೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು. ಸುಮಾರು ಎರಡಡಿ ಅಗಲ, ಆಳೆತ್ತರ, ಒಳಗೆ ಕತ್ತಲೆ. ಕಲ್ಲಿನಿಂದ ಜಿನುಗಿದ ನೀರು ಪಂಪಿಲ್ಲದೆ ತಾನಾಗಿ ಹರಿದು ಹೊರಗಿನ ಕೆರೆಗೆ ಬರುತ್ತದೆ. ಹುಡುಗ ಅಳುತ್ತಾ ಒಳಗೆ ಹೋಗಿ ಕುಳಿತಿದ್ದಾನೆ. ಅತ್ತೆ ಸುರಂಗದ ಬಾಯಿಯಲ್ಲಿ ನಿಂತು ಗದರುತ್ತಾಳೆ. ಗದರಿದ ಮಾತು ಮರುದನಿಯಾಗಿ ಬಂದು ನಿಲ್ಲುವುದೇ ಇಲ್ಲ. ಅಡುಗೆಮನೆಗೂ ಚಾವಡಿಗೂ ಅವಳ ಬೆನ್ನಿಗೇ ಬಂದು, ಅವಳದೇ ಸ್ವರದಲ್ಲಿ ಅವಳನ್ನೇ ಬೈಯುತ್ತದೆ.

ಈ ಮಾಯಕ್ಕೆ ಬೆಲೆ ತೆರಿಸುವುದನ್ನು ಮರೆಯಬೇಡಿ. ಮರುದನಿ ಹೊರಗೆ ಬಂದ ದಿನದಿಂದ ಸುರಂಗದ ನೀರು ನಿಲ್ಲಲಿ, ಅಡಕೆ ಮರದ ಸೋಗೆ ಬಾಡಲಿ. ಬೆಲೆಯಿಲ್ಲದೆ ಸೇಡು ತೀರಿದರೆ ಹುಡುಗನೇ ಎರಡನೆಯ ಅತ್ತೆಯಾಗುತ್ತಾನೆ. ನೀರು ಮರಳಬೇಕಾದರೆ ಅವನು ಅತ್ತೆಯನ್ನು ಕರೆದುಕೊಂಡು ಅದೇ ಕತ್ತಲೆಗೆ ಹೋಗಬೇಕು. ಎರಡಡಿ ಅಗಲದಲ್ಲಿ ಇಬ್ಬರು ಜೊತೆಜೊತೆಯಾಗಿ ನಡೆಯಲಾಗದು, ಯಾರು ಮುಂದೆ ಎಂಬ ಪ್ರಶ್ನೆ ಬರುತ್ತದೆ. ಹುಡುಗನನ್ನೇ ಮುಂದೆ ಬಿಡಿ. ಅತ್ತೆ ಅವನ ಅಂಗಿಯ ತುದಿ ಹಿಡಿದುಕೊಂಡು, ಮೊದಲ ಸಲ ಸ್ವರ ತಗ್ಗಿಸಿ ಕೇಳಲಿ: “ಇನ್ನೆಷ್ಟು ದೂರ ಮಗಾ?”