'ಆಫ್' ಅನ್ನೋ ಸಣ್ಣ ಪದ

ನಮಸ್ಕಾರ್ರಿ. ಈಗ ಈ ವಿಡಿಯೋದಾಗ ನೀವು ನೋಡ್ಲತ್ತಿದ್ದು ಕಲಬುರಗಿ ಸೂಪರ್ ಮಾರ್ಕೆಟ್ ಹತ್ರ ನಮ್ಮ ಇಂಗ್ಲಿಷ್ ಕ್ಲಾಸಿನ ಮೆಟ್ಟಿಲು. ಭಾನುವಾರ, ಮಧ್ಯಾಹ್ನ ಮೂರು ಗಂಟಿ. ಬಿಸಲು ಹ್ಯಾಂಗದ ಅಂದ್ರ, ಮೆಟ್ಟಿಲ ಕಂಬಿ ಮುಟ್ಟಿದ್ರ ಕೈ ಸುಡ್ತದ. ಮ್ಯಾಲಿನ ಖೋಲಿದಾಗ ಹನ್ನೊಂದು ಮಂದಿ ಕುಂತಾರ. ಜೇವರ್ಗಿ, ಆಳಂದ ಕಡಿಂದ ಬರೋ ಹೆಣ್ಣುಮಕ್ಕಳೇ ಜಾಸ್ತಿ. 2023ರ ಜೂನ್‌ದಾಗ ಹೆಣ್ಣುಮಕ್ಕಳಿಗಿ ಬಸ್ಸು ಫ್ರೀ ಆದ ಮ್ಯಾಲೆ ಬರ್ಲಕ್ಕ ಶುರು ಮಾಡ್ದೋರು ಇವರು. ಅದಕ್ಕಿಂತ ಮೊದಲು ಬಸ್ಸಿನ ರೊಕ್ಕ ಯಾರು ಕೊಡ್ಬೇಕು ಅನ್ನೋದ್ರಾಗೇ ಇವರ ಮನ್ಯಾಗ ಇಂಗ್ಲಿಷ್ ಕಲಿಯೋ ಮಾತು ಮುಗಿದ್ಹೋಗ್ತಿತ್ತು.

ಎರಡು ತಿಂಗಳಿಂದ ಒಂದು ಕಾದಂಬರಿ ಓದ್ಲತ್ತೀವಿ. ಕೆನಡಾದ ಮಾರ್ಗರೆಟ್ ಅಟ್‌ವುಡ್ ಬರೆದ 'ದಿ ಹ್ಯಾಂಡ್‌ಮೇಡ್ಸ್ ಟೇಲ್', 1985ರದು. ಪೂರಾ ಓದೋ ಅಷ್ಟು ಇಂಗ್ಲಿಷ್ ಇನ್ನಾ ಯಾರಿಗೂ ಬಂದಿಲ್ಲ. ವಾರಕ್ಕ ಒಂದು ಪುಟ ನಾ ಆರಿಸಿ ತರ್ತೀನಿ, ನಡುವಿನ ಕತಿ ಕನ್ನಡದಾಗ ಹೇಳ್ತೀನಿ. ಅಮೆರಿಕದ ಸರ್ಕಾರ ಕೆಡವಿ ಗಿಲಿಯಡ್ ಅನ್ನೋ ರಾಜ್ಯ ಕಟ್ಟ್ಯಾರ. ಮಕ್ಕಳಾಗೋದು ಕಡಿಮಿ ಆಗ್ಯದ. ಹಡಿಯೋ ಹೆಂಗಸರನ್ನ ಹಿಡಿದು ದೊಡ್ಡ ಅಧಿಕಾರಿಗಳ ಮನಿಗಿ ಹಂಚ್ತಾರ. ಅವರಿಗಿ ಕೆಂಪು ಬಟ್ಟಿ, ಅಧಿಕಾರಿ ಹೆಂಡ್ತಿಗಿ ನೀಲಿ, ಅಡಗಿ ಮಾಡೋರಿಗಿ ಹಸಿರು. ಈ ಹೆಂಗಸರು ಓದಂಗಿಲ್ಲ; ಅಂಗಡಿ ಬೋರ್ಡಿನ ಅಕ್ಷರನೂ ಅಳಿಸಿ ಬರೇ ಚಿತ್ರ ಬಿಟ್ಟಾರ.

"ಇದೆಲ್ಲ ಖರೇನೇನ್ರಿ?" ಅಂತ ಕೇಳಿದ್ರು. ಕತಿ ಕಟ್ಟಿದ್ದು. ಆದ್ರ ಮನುಷ್ಯರು ಎಲ್ಲೋ ಒಂದು ಕಡಿ, ಯಾವಾಗೋ ಮಾಡದೇ ಇದ್ದದ್ದು ಯಾವುದೂ ಇದರಾಗ ಹಾಕಂಗಿಲ್ಲ ಅಂತ ಅಟ್‌ವುಡ್ ನೇಮ ಹಾಕ್ಕೊಂಡು ಬರೆದಾರ. ಅದನ್ನ ಹೇಳಿದ ಮ್ಯಾಲೆ ಸ್ವಲ್ಪ ಹೊತ್ತು ಫ್ಯಾನಿನ ಸಪ್ಪಳ ಅಷ್ಟೇ ಕೇಳ್ತಿತ್ತು.

ಕತಿ ಹೇಳೋ ಹೆಂಗಸಿನ ಹೆಸರು ಆಫ್ರೆಡ್. ಬೋರ್ಡಿನ ಮ್ಯಾಲೆ ಬರೆದು ನಡುವ ಗೆರಿ ಎಳೆದೆ. ಈ ಕಡಿ ಆಫ್ (of), ಆ ಕಡಿ ಫ್ರೆಡ್. ಫ್ರೆಡ್ ಅಂದ್ರ ಆಕಿನ್ನ ಇಟ್ಕೊಂಡ ಅಧಿಕಾರಿ. ನಮ್ಮ ಷಷ್ಠಿ ವಿಭಕ್ತಿ ಹಚ್ಚಿದ್ರ 'ಫ್ರೆಡ್‌ನ'. ಫ್ರೆಡ್‌ನ ಏನು? ಹೆಂಡ್ತಿನಾ, ಮಗಳಾ? ಹೇಳಂಗಿಲ್ಲ. ನಾಳಿ ಬ್ಯಾರೆ ಮನಿಗಿ ಕಳಿಸಿದ್ರ ಬ್ಯಾರೆ ಹೆಸರು. ಕಿಡಕಿ ಹತ್ರ ಕೂಡೋ ಬಿ.ಎ. ಹುಡುಗಿ ಅಂದ್ಳು, "ಮೇಡಂರೀ, ನನಗ ಅದು ಆಫರ್ ಅಂತ ಕೇಳ್ತದ. ಸೀರಿ ಅಂಗಡ್ಯಾಗ ಬರದಿರ್ತಾರಲ್ರಿ." ನಾ ಇನ್ನಾ ಆ ಮಾತಿಗಿ ಬಂದಿರಲಿಲ್ಲ. ಆ ಹೆಸರಿನಾಗ 'ಆಫರ್ಡ್' ಅನ್ನೋದೂ ಅಡಗ್ಯದ, ಬಲಿ ಕೊಟ್ಟದ್ದು ಅನ್ನೋ ಅರ್ಥ, ಅಂತ ಅಟ್‌ವುಡ್ ಅವರೇ ಬರೆದಾರ.

ಈಗ ಕಾಣ್ಲತ್ತಾವಲ್ಲ, ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಒರಟಾದ ಈ ಕೈಗೋಳು, ಇವು ನಮ್ಮ ಕ್ಲಾಸಿನ ಹೊಲಿಗಿ ಅಕ್ಕನವು. ಮುಖ ತೋರ್ಸಂಗಿಲ್ಲ. ಮಾತು ಆಕಿನ್ನ ಕೇಳೇ ಹೇಳ್ಲತ್ತೀನಿ. "ಫಾರ್ಮಿನ್ಯಾಗ ಡಬ್ಲ್ಯೂ, ಅಡ್ಡಗೆರಿ, ಓ ಅಂತ ಇರ್ತದಲ್ರಿ, ಆ ಓ ಇದೇ ಆಫ್ ಏನ್ರಿ?" ಹೌದು, ಡಬ್ಲ್ಯೂ ಅಂದ್ರ ವೈಫ್, ಇಂಥವರ ಹೆಂಡ್ತಿ; ಡಿ ಇದ್ರ ಡಾಟರ್, ಇಂಥವರ ಮಗಳು ಅಂದೆ. ಆಕಿ ನೋಟ್‌ಬುಕ್ಕಿನ್ಯಾಗ ಎರಡೂ ಬರೆದು ನೋಡಿದ್ಳು. "ಲಗ್ನಕ್ಕಿಂತ ಮೊದಲು ಡಿ ಇತ್ತು, ಈಗ ಡಬ್ಲ್ಯೂ. ಓ ಮಾತ್ರ ಹಂಗೇ ಅದ ನೋಡ್ರಿ."

ಇವತ್ತಿನ ಪುಟ ಬ್ಯಾಂಕಿಂದು, ಆಫ್ರೆಡ್ ಆ ಅಧಿಕಾರಿ ಮನಿಗಿ ಹೋಗೋಕ್ಕಿಂತ ಮೊದಲಿನ ಕತಿ. ಒಂದೇ ದಿನ ಹೆಂಗಸರೆಲ್ಲರ ನೌಕರಿ ಹೋಗ್ತದ, ಖಾತಿ ಬಂದ್ ಆಗ್ತದ. ಆ ರೊಕ್ಕ ಇನ್ನು ಗಂಡನ ಕೈಗಿ, ಇಲ್ಲಂದ್ರ ಹತ್ರದ ಗಂಡಸರ ಕೈಗಿ. ಆಫ್ರೆಡ್ ಗಂಡ ಲ್ಯೂಕ್ ಕೆಟ್ಟವ ಅಲ್ಲ. ನಾ ನೋಡ್ಕೋತೀನಿ ಅಂತಾನ. "ಇವ ಹ್ಯಾಂಗ?" ಅಂತ ಕೇಳ್ದೆ. "ಗುಡ್ ಹಸ್ಬೆಂಡ್!" ಅಂತ ಎಲ್ರೂ ಒಂದೇ ಸಲಕ್ಕ ಅಂದ್ರು. ಹೊಲಿಗಿ ಅಕ್ಕ ಅನ್ಲಿಲ್ಲ.

"ಗೃಹಲಕ್ಷ್ಮಿ ರೊಕ್ಕ 2,000 ರೂಪಾಯಿ ನನ್ನ ಖಾತಿಗಿ ಬರ್ತದ್ರಿ," ಅಂದ್ಳು. "ಎಟಿಎಂ ಕಾರ್ಡು ನಮ್ಮ ಮನಿಯವರ ಅಂಗಿ ಕಿಸೆದಾಗ. ಕೇಳಿದ್ರ, ನಾ ನೋಡ್ಕೋತೀನಲ್ಲ ಅಂತಾರ. ಬೈಯಂಗಿಲ್ಲ, ಹೊಡಿಯಂಗಿಲ್ಲ, ಛಲೋ ಮನುಷ್ಯಾರು. ಆದ್ರ ರೊಕ್ಕ ಬಂತೋ ಇಲ್ಲೋ ಅವರೇ ಹೇಳ್ಬೇಕ್ರಿ ನನಗ."

ಬೋರ್ಡಿನ ಕಡಿ ತಿರುಗಿ 'ನೋಡ್ಕೊಳ್ಳೋದು' ಅಂತ ಬರೆದೆ. ಕೂಸಿನ್ನ ನೋಡ್ಕೋತೀವಿ. ದನ ಹೊಲಕ್ಕ ನುಗ್ಗದಂಗ ನೋಡ್ಕೋತೀವಿ. ಇಂಗ್ಲಿಷ್‌ದಾಗ ಒಂದು 'ಟೇಕ್ ಕೇರ್', ಇನ್ನೊಂದು 'ವಾಚ್'. ನಮಗ ಎರಡಕ್ಕೂ ಒಂದೇ ಮಾತು. ಗಿಲಿಯಡ್‌ದಾಗ ಗುಪ್ತ ಪೊಲೀಸರಿಗಿ ಹೆಸರೇ 'ಕಣ್ಣು'. ಇಷ್ಟು ವರ್ಷ ಪಾಠ ಮಾಡೀನಿ, ಇವೆರಡನ್ನ ನಾ ಯಾವತ್ತೂ ಜೋಡಿಸಿ ನೋಡಿರಲಿಲ್ಲ.

ಇಬ್ರು ಹುಡುಗರೂ ಇದ್ದಾರ. "ಗಂಡಸರಿಗಿ ಆ ರಾಜ್ಯ ಛಲೋನೇ ಇರ್ಬೇಕಲ್ರಿ?" ಅಂದ ಒಬ್ಬ. ಕೆಳಗಿನ ಕಾವಲು ಹುಡುಗರಿಗಿ ಮ್ಯಾಲಿನವರು ಕೊಟ್ರೇ ಹೆಣ್ಣು, ತಾವಾಗಿ ಲಗ್ನ ಆಗಂಗಿಲ್ಲ ಅಂದೆ. ಅವ ಬರಕೊಂಡ.

ಕಡೀಕ, ಎಟಿಎಂ ಪಿನ್ ಗೊತ್ತಿದ್ದೋರು ಕೈ ಎತ್ರಿ ಅಂದೆ. ಒಂಬತ್ತು ಹೆಣ್ಣುಮಕ್ಕಳಾಗ ಮೂರು ಕೈ ಎದ್ವು. ಮುಂದಿನ ವಾರ ಕಾದಂಬರಿ ಪುಟ ತರಂಗಿಲ್ಲ. ಎಟಿಎಂ ಪರದಿ ಮ್ಯಾಲಿನ ಇಂಗ್ಲಿಷ್ ಓದ್ತೀವಿ: ವಿತ್‌ಡ್ರಾವಲ್, ಬ್ಯಾಲೆನ್ಸ್ ಎನ್‌ಕ್ವೈರಿ, ಮಿನಿ ಸ್ಟೇಟ್‌ಮೆಂಟ್.

ಐದೂವರಿ ಬಸ್ಸಿಗಿ ಎಲ್ರೂ ಇಳಿದ್ರು. ಹೊಲಿಗಿ ಅಕ್ಕ ಮೆಟ್ಟಿಲ ಮ್ಯಾಲೆ ನಿಂತು ಹೊಳ್ಳಿ ನೋಡಿದ್ಳು. "ಕಾರ್ಡು ಕೇಳ್ತೀನ್ರಿ. ಕೊಟ್ರ ತರ್ತೀನಿ. ಕೊಡಲಿಲ್ಲಂದ್ರ, ಯಾಕ ಕೊಡಲಿಲ್ಲ ಅನ್ನೋದು ಇಂಗ್ಲಿಷ್‌ದಾಗ ಬರಕೊಂಡು ಬರ್ತೀನಿ."