ಇಂಗ್ಲಿಷ್ ಸ್ಪೆಲ್ಲಿಂಗು: ಕಿವಿ ನಂಬಬೇಡಿ, ಪದದ ನೆಂಟರನ್ನ ಹುಡುಕಿ

ಎಲ್ರಿಗೂ ನಮಸ್ಕಾರ. ಸ್ಪೆಲ್ಲಿಂಗ್ ತಪ್ಪಾದ್ರೆ ದಡ್ಡರು ಅಂತ ಯಾರಾದ್ರೂ ಅಂದಿದ್ರೆ ಅದನ್ನ ಮೊದ್ಲು ತಲೆಯಿಂದ ತೆಗೀರಿ. ಕನ್ನಡದಲ್ಲಿ ಕೇಳಿಸಿದ್ದನ್ನ ಹೆಚ್ಚುಕಮ್ಮಿ ಹಾಗೇ ಬರೆದುಬಿಡ್ತೀವಿ, ಅದೇ ಕಿವಿ ನಂಬ್ಕೊಂಡು ಇಂಗ್ಲಿಷ್ ಬರೆಯಕ್ಕೆ ಕೂತ್ರೆ ಎಡವೋದು ಸಹಜ, ಯಾಕಂದ್ರೆ ಅಲ್ಲಿ ಅಕ್ಷರ 26, ಸದ್ದು ಸುಮಾರು 44.

ಇದಕ್ಕೊಂದು ಇತಿಹಾಸ ಇದೆ. 1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ಅನ್ನೋನು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚಿನ ಮನೆ ಶುರು ಮಾಡ್ದ, ಆಮೇಲೆ ಪುಸ್ತಕದಲ್ಲಿ ಸ್ಪೆಲ್ಲಿಂಗು ನಿಧಾನಕ್ಕೆ ಗಟ್ಟಿಯಾಗ್ತಾ ಬಂತು, ಆದ್ರೆ ಅದೇ ಹೊತ್ತಿಗೆ ಜನರ ಬಾಯಲ್ಲಿ ಉಚ್ಚಾರಣೆ ಬದಲಾಗ್ತಾನೇ ಇತ್ತು. ಯೋಧ ಅನ್ನೋ ಅರ್ಥದ ನೈಟ್ ಪದದಲ್ಲಿ ಮೊದಲಿರೋ ಕೆ, ನಡುವಿರೋ ಜಿ ಎಚ್ ಎಲ್ಲಾ ಒಂದು ಕಾಲದಲ್ಲಿ ಉಚ್ಚಾರ ಆಗ್ತಿದ್ವು. ಇನ್ನು ಪಂಡಿತರ ಕಿತಾಪತಿ ಬೇರೆ. ಸಾಲ ಅನ್ನೋ ಡೆಟ್ ಫ್ರೆಂಚಿಂದ ಬಂದಾಗ ಅದ್ರಲ್ಲಿ ಬಿ ಇರ್ಲಿಲ್ಲ, ಲ್ಯಾಟಿನ್ನಿನ ಡೆಬಿಟಮ್ ನೆನಪಾಗ್ಲಿ ಅಂತ ತುರುಕಿದ್ರು. ಐಲ್ಯಾಂಡಿನ ಎಸ್ ಕಥೆ ಇನ್ನೂ ತಮಾಷೆ, ಲ್ಯಾಟಿನ್ನಿನ ಇನ್ಸುಲಾಗೂ ಅದಕ್ಕೂ ಸಂಬಂಧ ಇದೆ ಅಂದ್ಕೊಂಡು ಹಾಕಿದ್ರು, ಸಂಬಂಧಾನೇ ಇರ್ಲಿಲ್ಲ!

ಹಂಗಾದ್ರೆ ಏನ್ ಮಾಡೋದು? ನನ್ ಪ್ರಕಾರ ಅಕ್ಷರಗಳನ್ನ ಸಾಲಾಗಿ ಉರು ಹೊಡೆಯೋದಕ್ಕಿಂತ ಪದದ ನೆಂಟರನ್ನ ಹುಡುಕೋದು ಒಳ್ಳೇದು. ಸೈನ್ ಪದದಲ್ಲಿ ಜಿ ಸುಮ್ನೆ ಕೂತಿರತ್ತೆ, ಸಿಗ್ನೇಚರ್ ಅಂದಾಗ ಬಾಯಿ ಬಿಡತ್ತೆ. ಬಾಂಬ್‌ನ ಕೊನೇ ಬಿ ಬೊಂಬಾರ್ಡಲ್ಲಿ ಕೇಳತ್ತೆ, ಮಸಲ್‌ನ ಸಿ ಮಸ್ಕ್ಯುಲರ್‌ನಲ್ಲಿ. ಗ್ರಾಮರ್ ಕೊನೇಲಿ ಇ ಆರಾ ಎ ಆರಾ ಅಂತ ಡೌಟ್ ಬಂದ್ರೆ ಗ್ರಮ್ಯಾಟಿಕಲ್ ಅಂತ ಹೇಳ್ಕೊಳಿ, ಎ ತಾನಾಗೇ ಎದ್ದು ಬರತ್ತೆ. ಡೆಫಿನಿಟ್ ಕೊನೇಲಿ ಎ ಟಿ ಇ ಹಾಕೋರು ಎಷ್ಟು ಜನ! ಅದ್ರೊಳಗೆ ಫೈನೈಟ್ ಇದೆ ನೋಡಿ, ಐ ಬಿಟ್ಟು ಬೇರೆ ಬರಕ್ಕೆ ಜಾಗಾನೇ ಇಲ್ಲ.

ಈ ಎ-ಇ ಗಲಾಟೆ ಎಲ್ಲಿಂದ ಅಂದ್ರೆ, ಒತ್ತು, ಅಂದ್ರೆ ಪದದಲ್ಲಿ ಜೋರಾಗಿ ಹೇಳೋ ಭಾಗ, ಬೀಳದ ಕಡೆ ಇಂಗ್ಲಿಷಿನ ಸ್ವರಗಳು ಎಷ್ಟೋ ಸಲ ಸವೆದು ಒಂದೇ ಥರ ಕೇಳತ್ವೆ. ಸೆಪರೇಟ್ ನಡುವೆ ಎ ಬರ್ಬೇಕು, ತುಂಬಾ ಜನ ಇ ಬರೀತಾರೆ. ಇಂಥ ಪದಕ್ಕೆ ಬರೆಯೋವಾಗಷ್ಟೇ ಮನಸಲ್ಲಿ ಒಂದು ಸುಳ್ಳು ಉಚ್ಚಾರಣೆ ಇಟ್ಕೊಳಿ, ಸೆ-ಪಾ-ರೇಟ್ ಅಂತ. ಜೋರಾಗಿ ಹೇಳಕ್ಕೆ ಹೋಗ್ಬೇಡಿ ಅಷ್ಟೇ.

ಇಂಗ್ ಸೇರ್ಸೋವಾಗ ಪದದ ಕೊನೇ ಅಕ್ಷರ ಡಬಲ್ ಮಾಡೋ ರೂಲ್ ಕೂಡ ಒತ್ತಿನ ಮೇಲೇನೇ ನಿಂತಿರೋದು. ಬಿಗಿನ್ ಅಂದಾಗ ಒತ್ತು ಕೊನೇಲಿ, ಅದಕ್ಕೆ ಬಿಗಿನಿಂಗಲ್ಲಿ ಎರಡು ಎನ್. ವಿಸಿಟ್‌ಗೆ ಒತ್ತು ಮೊದಲಲ್ಲಿ, ಅದಕ್ಕೆ ವಿಸಿಟಿಂಗಲ್ಲಿ ನಡುವಿನ ಟಿ ಒಂದೇ. ಟ್ರಾವೆಲ್‌ನಂಥ ಪದ ಬ್ರಿಟಿಷರ ಕೈಲಿ ಇದಕ್ಕೆ ಬಗ್ಗಲ್ಲ, ಟ್ರಾವೆಲಿಂಗ್‌ಗೆ ಅವ್ರು ಎರಡು ಎಲ್, ಅಮೆರಿಕದೋರು ರೂಲ್ ಪ್ರಕಾರ ಒಂದೇ. ಯಾವ್ದಾದ್ರೂ ಒಂದು ಪದ್ಧತಿ ಹಿಡ್ಕೊಳಿ, ಕಲಬೆರಕೆ ಬೇಡ. ಐ ಮೊದಲು ಇ ಆಮೇಲೆ, ಸಿ ಬಂದ್ರೆ ಉಲ್ಟಾ ಅನ್ನೋ ಹಳೇ ಪದ್ಯ ಇದ್ಯಲ್ಲ, ಸೈನ್ಸ್, ವಿಯರ್ಡ್, ಸೀಜ಼್ ಮೂರೂ ಅದಕ್ಕೆ ವಿರುದ್ಧ. ನಾನಂತೂ ಅದನ್ನ ಕಲಿಸಲ್ಲ.

ಪ್ರಾಕ್ಟೀಸ್ ಹೇಗೆ ಅಂದ್ರೆ, ನೀವು ನಿಜವಾಗ್ಲೂ ತಪ್ಪೋ ಪದಗಳನ್ನ ಮಾತ್ರ ಒಂದು ಕಡೆ ಬರೆದಿಟ್ಕೊಳಿ, ಪದ ನೋಡಿ, ಮುಚ್ಚಿ, ನೆನಪಿಂದ ಬರೀರಿ, ಆಮೇಲೆ ತೆಗೆದು ಚೆಕ್ ಮಾಡಿ, ಎರಡು ದಿನ ಬಿಟ್ಟು ಮತ್ತೆ ಹೀಗೇ ಮಾಡಿ. ನೋಡ್ಕೊಂಡೇ ಹತ್ತು ಸಲ ಕಾಪಿ ಮಾಡಿದ್ರೆ ಕೈ ನೋವು ಬರತ್ತೆ, ಸ್ಪೆಲ್ಲಿಂಗ್ ಬರಲ್ಲ. ಸ್ಪೆಲ್‌ಚೆಕ್ ಇರ್ಲಿ, ಆದ್ರೆ ಫ್ರಮ್ ಅನ್ನೋ ಕಡೆ ಫಾರ್ಮ್ ಅಂತ ಟೈಪ್ ಆಗಿದ್ರೆ ಎಷ್ಟೋ ಸಲ ಅದು ಸುಮ್ನಿರತ್ತೆ, ಎರಡೂ ಸರಿಯಾದ ಪದಾನೇ ಅಲ್ವಾ? ಅದಕ್ಕೆ ಮುಖ್ಯವಾದ ಲೆಟರ್ ಕಳ್ಸೋ ಮುಂಚೆ ಒಂದ್ಸಲ ನಿಧಾನಕ್ಕೆ, ಒಂದೊಂದೇ ಪದದ ಮೇಲೆ ಬೆರಳಿಟ್ಟು ಓದಿ.