ಕೊಳಗ ಸರಿಯಿದೆಯಾ?

ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವರಿಗೆ ಕಾಗೋಡು ಎಂಬ ಊರಿನ ಹೆಸರು ಅಂದ ಕೂಡಲೇ ಕೊಳಗ ನೆನಪಾಗುತ್ತದೆ. ಭತ್ತ ಅಳೆಯುವ ಪಾತ್ರೆ. ಜಮೀನಿನ ಗೇಣಿ ತೆಗೆದುಕೊಳ್ಳುವಾಗ ಭೂಮಾಲೀಕರಾದ ಒಡೆಯರು ದೊಡ್ಡ ಕೊಳಗ ತರುತ್ತಿದ್ದರು. ಗೇಣಿದಾರರಲ್ಲಿ ಹೆಚ್ಚಿನವರು ದೀವರು ಎಂಬ ಹಿಂದುಳಿದ ಜಾತಿಯವರು. ಸರಿಯಾದ ಕೊಳಗದಲ್ಲಿ ಅಳೆಯಿರಿ ಅಂತ ಕೇಳಿದ್ದಕ್ಕೇ 1951ರಲ್ಲಿ ಅಷ್ಟು ದೊಡ್ಡ ಸತ್ಯಾಗ್ರಹ ನಡೆಯಿತು. ಗಣಪತಿಯಪ್ಪನವರು ರೈತರನ್ನು ಒಟ್ಟು ಮಾಡಿದರು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು.

ಆ ಕಣ ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಅಳೆಯುವವನು ಒಂದು ಅನ್ನುವ ಬದಲು ಲಾಭ ಅಂತ ಶುರುಮಾಡಿ, ಎರಡು, ಮೂರು ಅಂತ ಎಲ್ಲರಿಗೂ ಕೇಳುವ ಹಾಗೆ ಎಣಿಸುತ್ತಾನೆ. ಅವನ ಲೆಕ್ಕದಲ್ಲಿ ಒಂದು ಕಾಳೂ ತಪ್ಪಿಲ್ಲ. ತಪ್ಪಿರುವುದು ಪಾತ್ರೆಯಲ್ಲಿ.

ಸಾಂಸ್ಥಿಕ ಜನಾಂಗಭೇದ ಅಂತಾರಲ್ಲ, ಅದು ನನಗೆ ಅರ್ಥವಾಗಿದ್ದು ಈ ಕೊಳಗದಿಂದ. 1993ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಸ್ ಸ್ಟಾಪಿನ ಹತ್ತಿರ ಸ್ಟೀಫನ್ ಲಾರೆನ್ಸ್ ಎಂಬ 18 ವರ್ಷದ ಕಪ್ಪು ಹುಡುಗನನ್ನು ಬಿಳಿಯರ ಗುಂಪೊಂದು ಇರಿದು ಕೊಂದಿತು. ಪೊಲೀಸರ ತನಿಖೆ ಹಳ್ಳ ಹಿಡಿಯಿತು. ಸರ್ಕಾರ ನೇಮಿಸಿದ ವಿಚಾರಣೆಯ 1999ರ ಮ್ಯಾಕ್‌ಫರ್ಸನ್ ವರದಿ ಆ ಪೊಲೀಸ್ ಇಲಾಖೆಯಲ್ಲಿರುವುದು ಸಾಂಸ್ಥಿಕ ಜನಾಂಗಭೇದ ಅಂತ ಹೆಸರಿಟ್ಟು ಹೇಳಿತು. ಬೇಕಂತ ಮಾಡದಿದ್ದರೂ, ಅಜ್ಞಾನದಿಂದ, ಯೋಚನೆ ಇಲ್ಲದೆ ಮಾಡಿದರೂ ಅದು ಭೇದವೇ ಅಂತ ಹೇಳಿತು. ಇಬ್ಬರಿಗೆ ಶಿಕ್ಷೆಯಾಗುವಾಗ 2012 ಬಂದಿತ್ತು.

ಕೊರೋನಾ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡೆವಲ್ಲ, ಆಕ್ಸಿಮೀಟರ್? ಅದೂ ಒಂದು ಕೊಳಗ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೂ ಯಂತ್ರ ಸರಿಯಿದೆ ಅಂತ ತೋರಿಸುವುದು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ ಅಂತ 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ನರ್ಸ್ ಒಳ್ಳೆಯವಳೇ. ಅವಳು ನೋಡಿದ ಅಂಕಿಯೇ ಸುಳ್ಳು.

ಅಲ್ಲಿಯದು ಚರ್ಮದ ಬಣ್ಣ, ಇಲ್ಲಿಯದು ಜಾತಿ. ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ ಕೊಳಗ ನಮ್ಮಲ್ಲೂ ಇದೆ.

ನಮ್ಮೂರಿನ ಅಜ್ಜಿಯೊಬ್ಬರ ಜೊತೆ ನಾನು ಒಂದು ಕಚೇರಿಗೆ ಹೋಗಿದ್ದೆ. ಅರಣ್ಯ ಹಕ್ಕಿನ ಅರ್ಜಿ, ಅಂದರೆ ಅರಣ್ಯದ ಜಮೀನಿನಲ್ಲಿ ಬದುಕಿಕೊಂಡು ಬಂದವರು ಹಕ್ಕುಪತ್ರ ಕೇಳುವ ಅರ್ಜಿ. 2006ರ ಕಾಯ್ದೆ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷ ಇದ್ದದ್ದು ತೋರಿಸಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗಿ ನಿಲ್ಲುತ್ತದೆ.

ಗುಮಾಸ್ತರು ಮರ್ಯಾದೆಯಿಂದಲೇ ಮಾತಾಡಿದರು. ಅಜ್ಜಿಗೆ ಕೂರಲು ಕುರ್ಚಿ ಕೊಟ್ಟರು. "ಹಳೇ ಕಾಗದ ಏನಾದ್ರೂ ಇದ್ಯಾ ಅಮ್ಮಾ?" ಅಂತ ಕೇಳಿದರು. ಅಜ್ಜಿ ಪ್ಲಾಸ್ಟಿಕ್ ಚೀಲ ಬಿಚ್ಚಿದರು. ಒಂದು ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಅಡಿಕೆ ಸೊಸೈಟಿಯ ಮಡಚಿ ಮಡಚಿ ಹರಿದ ರಸೀದಿ. "ನಮ್ಮ ಮಾವ ತೋಡಿದ ಬಾವಿ ಇದೆ ಸ್ವಾಮಿ, ಬಂದು ನೋಡಿ" ಅಂದರು. ಗುಮಾಸ್ತರು ತಲೆ ತಗ್ಗಿಸಿ ಚೀಲ ಹಿಂದಕ್ಕೆ ಸರಿಸಿದರು.

1930ರಲ್ಲಿ ಕಾಗದ ಯಾರ ಮನೆಯಲ್ಲಿತ್ತು, ನೀವೇ ಯೋಚಿಸಿ. ಒಡೆಯರ ಮನೆಯ ಪೆಟ್ಟಿಗೆಯಲ್ಲಿ. ಗೇಣಿಗೆ ಗೇಯುತ್ತಿದ್ದವರ ಹೆಸರನ್ನು ಹೆಚ್ಚಾಗಿ ಯಾರೂ ಬರೆದುಕೊಳ್ಳಲಿಲ್ಲ. ಅಂದು ಯಾರ ಹೆಸರು ಬರೆಯದೆ ಬಿಟ್ಟರೋ ಅವರ ಮೊಮ್ಮಕ್ಕಳ ಹತ್ತಿರ ಇವತ್ತು ಅದೇ ಕಾಗದ ಕೇಳುತ್ತಿದ್ದೇವೆ. ಉಳಿದವರಿಗೆಲ್ಲ ಒಂದೇ ನಿಯಮ ಅಂತ ಸಮಾಧಾನ ಬೇರೆ ಹೇಳುತ್ತೇವೆ. ಇದು ನನಗೆ ಸಹಿಸಲು ಆಗುವುದಿಲ್ಲ.

ಇದರ ಪೆಟ್ಟು ಅಜ್ಜಿಗೆ ಮಾತ್ರ ಅಲ್ಲ. ಹಕ್ಕುಪತ್ರ ಇಲ್ಲದಿದ್ದರೆ ಆ ಜಮೀನಿನ ಮೇಲೆ ಬ್ಯಾಂಕ್ ಸಾಲ ಹುಟ್ಟುವುದಿಲ್ಲ. ಒಕ್ಕಲೆಬ್ಬಿಸುತ್ತಾರೆ ಎಂಬ ಹೆದರಿಕೆ ಮನೆಯ ಒಳಗೇ ಬಂದು ಕೂರುತ್ತದೆ. ಮೊಮ್ಮಗ ಬೆಂಗಳೂರಿನ ಬಸ್ ಹತ್ತುತ್ತಾನೆ.

ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ಕಾಯ್ದೆಯ ನಿಯಮಗಳಲ್ಲಿ ಬಾವಿ, ಸ್ಮಶಾನ, ದೇವರ ಜಾಗ, ಊರ ಹಿರಿಯರು ಬರೆದುಕೊಟ್ಟ ಹೇಳಿಕೆ, ಇವೂ ಸಾಕ್ಷಿಯೇ. ಇಂಥದ್ದೇ ದಾಖಲೆ ಬೇಕು ಅಂತ ಮೇಲಿನ ಉಪವಿಭಾಗ, ಜಿಲ್ಲಾ ಮಟ್ಟದ ಸಮಿತಿಗಳು ಪಟ್ಟು ಹಿಡಿಯಬಾರದು ಅಂತ 2012ರ ತಿದ್ದುಪಡಿ ಹೇಳುತ್ತದೆ. ಅಂದರೆ ಸರಿಯಾದ ಕೊಳಗ ಕಾನೂನಿನಲ್ಲೇ ಇದೆ. ಕಣಕ್ಕೆ ಬರುತ್ತಿರುವುದು ಮಾತ್ರ ಹಳೆಯದು.

ನಿಮ್ಮೂರಲ್ಲಿ ಅರ್ಜಿ ವಾಪಸ್ ಬಂದಿದ್ದರೆ ಗ್ರಾಮಸಭೆಯಲ್ಲಿ ಈ ನಿಯಮ ಓದಿಸಿ. ಅರಣ್ಯ ಹಕ್ಕು ಸಮಿತಿಯವರು ಜಾಗಕ್ಕೇ ಬಂದು ನೋಡಲಿ. ನಮ್ಮ ಅಜ್ಜಿ ಬಾವಿಕಟ್ಟೆಯ ಪಾಚಿ ಕೆರೆದು, ದಾರಿ ಸವರಿ ಇಟ್ಟಿದ್ದಾರೆ. ಅದರ ಪಕ್ಕದಲ್ಲೇ ಮಾವನ ಕಾಲದ ಚೌಡಿ ದೇವತೆಯ ಕಲ್ಲೂ ಇದೆ.